ಪ್ರಕಟಣೆಯ ಚಿತ್ರ

"ಬಸ್ಸು ಬರಲೇ ಇಲ್ಲ ಕಣೇ," ಎನ್ನುತ್ತ ಅಕ್ಕ ಗೋಡೆ ಸವರಿಕೊಂಡು ಕುರ್ಚಿಯಲ್ಲಿ ಕುಸಿದಳು. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಒಂಬತ್ತಕ್ಕೆ ಹೊರಟವಳು ಹನ್ನೆರಡಕ್ಕೇ ವಾಪಸು ಬಂದಿದ್ದಾಳೆಂದರೆ ಸಂದರ್ಶನ ಕೈತಪ್ಪಿತೆಂದೇ ಲೆಕ್ಕ. ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸ. ಕಣ್ಣು ಹೋದ ಈ ಆರು ವರ್ಷಗಳಲ್ಲಿ ಅವಳು ತಾನಾಗಿ ಹುಡುಕಿಕೊಂಡಿದ್ದ ಮೊದಲನೆಯ ಕೆಲಸ. ತಂಗಿ ನೀರು ತಂದು ಕೈಗಿತ್ತಳು.

"ಬೀದಿ ಕೊನೇಲೇ ಎರಡು ಗಂಟೆ ನಿಂತಿದ್ದೆ. ಆಮೇಲೆ ಯಾರೋ ಒಬ್ಬ, 'ರಸ್ತೆ ಅಗೀತಿದ್ದಾರೆ ಕಣಮ್ಮಾ, ಸ್ಟಾಪ್ ಬದಲಾಗಿದೆ. ಇಷ್ಟು ದೊಡ್ಡದಾಗಿ ಅಂಟಿಸಿದಾರಲ್ಲ, ಕಾಣಲ್ವಾ?' ಅಂದ. ಕಾಣಲ್ಲಪ್ಪಾ ಅಂದೆ. ಪಾಪ, ಓಡೇಹೋದ." ಅಕ್ಕ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಆಸ್ಪತ್ರೆಗೆ ಫೋನ್ ಮಾಡ್ದೆ. ಬೇರೆಯವರನ್ನ ತಗೊಂಡಾಯ್ತಂತೆ."

ಬಸ್ ಕಂಪನಿಯ ವೆಬ್‌ಸೈಟಿಗೆ ಇಂಥ ಪ್ರಕಟಣೆಗಳ ಚಿತ್ರಗಳನ್ನು ಮನೆಯಿಂದಲೇ ಏರಿಸುವವಳು ತಂಗಿ. ಪ್ರತಿ ಚಿತ್ರಕ್ಕೂ ಒಂದು ಪುಟ್ಟ ಚೌಕ ಇರುತ್ತದೆ. ಚಿತ್ರದಲ್ಲಿ ಏನಿದೆಯೆಂದು ಅದರಲ್ಲಿ ಬರೆದರೆ ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ. ಚೌಕ ಖಾಲಿ ಬಿಟ್ಟರೆ ಮೇಲಧಿಕಾರಿಯ ಪಟ್ಟಿಯಲ್ಲಿ ಆ ಪುಟ ಕೆಂಪಾಗುತ್ತದೆ, ಏನನ್ನು ತುಂಬಿದರೂ ಹಸಿರು. ಹೋದ ತಿಂಗಳು ಇನ್ನೂರ ಹದಿನಾಲ್ಕು ಪುಟ ಕೆಂಪಾಗಿ ಕೂತಿದ್ದವು. ಅವಳು "ಪ್ರಕಟಣೆಯ ಚಿತ್ರ" ಎಂದು ಒಮ್ಮೆ ಬರೆದು, ಎಲ್ಲಕ್ಕೂ ಅದನ್ನೇ ಅಂಟಿಸಿ, ಊಟದ ಹೊತ್ತಿಗೆಲ್ಲ ಕೈತೊಳೆದುಕೊಂಡಿದ್ದಳು. ಆಮೇಲೆ ಬಂದ ಪ್ರಕಟಣೆಗಳಿಗೂ ಅದೇ ಗತಿ. ಮೇಲಧಿಕಾರಿ ಭೇಷ್ ಎಂದಿದ್ದರು. ಅಸಲಿಗೆ ಅವಳಿಗೆ ಆ ಕೆಲಸ ಸಿಕ್ಕಿದ್ದೇ, "ನಮ್ಮಕ್ಕಂಗೆ ಕಣ್ಣು ಕಾಣಲ್ಲ ಸಾರ್, ಇದರ ಕಷ್ಟ ನಂಗೆ ಗೊತ್ತು" ಎಂದು ಕಣ್ಣು ತುಂಬಿಕೊಂಡು ಹೇಳಿದ್ದಕ್ಕೆ. ಅಕ್ಕನ ಕಷ್ಟವನ್ನು ತೋರಿಸಿ ಸಂಬಳ ತಿನ್ನುತ್ತಿದ್ದೇನೆ ಅನ್ನಿಸಿ ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು.

"ತಪ್ಪು ನಂದೇ," ಅಕ್ಕ ಹೇಳುತ್ತಲೇ ಇದ್ದಳು. "ಬೆಳಿಗ್ಗೆ ಬಸ್ಸಿನ ಪುಟ ಕೇಳಿಸಿಕೊಂಡೇ ಹೊರಟಿದ್ದೆ. ಗಿಣಿಯಮ್ಮ ಹೇಳಿರ್ತಾಳೆ. ಅವಸರದಲ್ಲಿ ನಾನೇ ಗಮನ ಕೊಟ್ಟಿಲ್ಲ." ಓದಿ ಹೇಳುವ ಫೋನಿನ ದನಿಗೆ ಆ ಮನೆಯಲ್ಲಿ ಇಟ್ಟ ಹೆಸರು ಗಿಣಿಯಮ್ಮ. "ಅಮ್ಮ ಹೇಳೋದೇ ಸರಿ. ಒಬ್ಬಳೇ ಓಡಾಡೋ ಹುಚ್ಚು ಇವತ್ತಿಗೆ ಬಿಡ್ತು." ಅವಳು ತನ್ನ ಬಿಳಿ ಕೋಲನ್ನು ಮಡಿಸಿ ತಂಗಿಯತ್ತ ಚಾಚಿದಳು. "ಬೀರೂನಲ್ಲಿ ಇಟ್ಬಿಡು."

ತಂಗಿ ಕೋಲು ಹಿಡಿದು ನಿಂತಳು. ಹೂಂ ಅಂದುಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕ ನಾಲ್ಕು ಗೋಡೆಗಳ ಮಧ್ಯೆ ತನ್ನನ್ನೇ ಬೈದುಕೊಳ್ಳುತ್ತ ಕೂತಿರುತ್ತಾಳೆ, ಅಷ್ಟೇ. ಅವಳು ಬೀರುವಿನತ್ತ ಹೋಗಲಿಲ್ಲ.

"ಗಿಣಿಯಮ್ಮ ಹೇಳಿಲ್ಲ ಅಕ್ಕ. 'ಪ್ರಕಟಣೆಯ ಚಿತ್ರ' ಅಂದಿರ್ತಾಳೆ. ಅದು ಬಿಟ್ಟು ಇನ್ನೇನೂ ಇಲ್ಲ ಅಲ್ಲಿ."

"ನಿಂಗೆ ಹೇಗೆ ಗೊತ್ತು?"

"ಬರೆದೋಳು ನಾನೇ."

ಅಕ್ಕ ಬಯ್ಯುತ್ತಾಳೆಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ದಿನಾ ಅದನ್ನೇ ಅಂತಿದ್ಲು," ಅಂದಳು ಅಕ್ಕ ಕೊನೆಗೆ. "ಅಂದಕ್ಕೆ ಹಾಕಿರೋ ಚಿತ್ರ ಅಂದ್ಕೊಂಡು ತಲೆ ಕೆಡಿಸಿಕೊಳ್ಳೋದೇ ಬಿಟ್ಟಿದ್ದೆ. ಈಗ ಓದು. ಅದರಲ್ಲಿ ಏನಿದೆಯೋ ಎಲ್ಲಾ."

ತಂಗಿ ತನ್ನ ಫೋನಿನಲ್ಲಿ ಪುಟ ತೆರೆದಳು. "ಈ ತಿಂಗಳ ಕೊನೆವರೆಗೂ ಎಲ್ಲಾ ಬಸ್ಸು ಔಷಧಿ ಅಂಗಡಿ ಮುಂದೆ ನಿಲ್ಲುತ್ತಂತೆ."

"ಯಾವ ಕಡೆ?"

"ಬಾಣ ಹಾಕಿದ್ದಾರೆ... ಹಳೇ ಸ್ಟಾಪಿಂದ ಎಡಕ್ಕೆ. ನೂರು ಮೀಟರ್."

"ರಸ್ತೆ ದಾಟ್ಬೇಕಾ?"

"ಬೇಡ. ಇದೇ ಪಕ್ಕ."

"ಇಷ್ಟು ಬರೆಯೋಕೆ ಎಷ್ಟು ಹೊತ್ತು ಹಿಡೀತಿತ್ತು?"

ಅಕ್ಕ ಎದ್ದು ಕೈ ಚಾಚಿದಳು.

"ಕೋಲು ಕೊಡು."

"ಎಲ್ಲಿಗೆ? ಇರು, ನಾನೂ ಬರ್ತೀನಿ."

"ಬೇಡ. ಹೊಸ ಸ್ಟಾಪ್ ನಾನೇ ಹುಡುಕ್ತೀನಿ. ನೀನು ಕೂತು ಮಿಕ್ಕಿದ್ದನ್ನ ಬರಿ."

ಅಕ್ಕ ಮೆಟ್ಟಿಲಿಳಿದು ಹೋದಳು. ತಂಗಿ ಬಾಗಿಲಲ್ಲೇ ನಿಂತಳು. ಬೀದಿಯ ಕೊನೆ ಮುಟ್ಟಿ ಕೋಲು ತಡೆದು ನಿಂತಿತು. ಕೂಗಿ ಹೇಳಬೇಕೆಂದು ಅವಳು ಬಾಯಿ ತೆರೆದಳು, ಕೂಗಲಿಲ್ಲ. ಅಕ್ಕ ತುಸು ಹೊತ್ತು ಹಾಗೇ ನಿಂತಿದ್ದು, ಆಮೇಲೆ ಎಡಕ್ಕೆ ತಿರುಗಿದಳು.