ಕಿವಿ ಮೇಷ್ಟ್ರ ಮೋಟಾರು

ಕಾರ್ಖಾನೆಯಲ್ಲಿದ್ದಷ್ಟು ಕಾಲ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಕಿವಿ ಮೇಷ್ಟ್ರು ಎಂದೇ. ಲೇತ್ ಮೆಷಿನ್ನಿನ ಸದ್ದು ಕೇಳಿದರೆ ಸಾಕು, ಬಿಚ್ಚದೆಯೇ ಅದರ ಕಾಯಿಲೆ ಹೇಳಿಬಿಡುತ್ತಿದ್ದರು. ಆ ಹೆಸರಿನ ಮೇಲೆ ಅವರಿಗಿದ್ದ ಮೋಹ ಅಷ್ಟಿಷ್ಟಲ್ಲ. ನಿವೃತ್ತರಾದ ಮೇಲೆ ಮಾದರಿ ವಿಮಾನ ಕಟ್ಟುವ ಹುಚ್ಚು ಹತ್ತಿತು. ಊಟದ ಮೇಜು ವಿಮಾನದ ಪಾಲಾಗಿ, ಹೆಂಡತಿ ಅಡುಗೆಮನೆಯಲ್ಲೇ ತಟ್ಟೆ ಹಿಡಿದು ಉಣ್ಣುತ್ತಿದ್ದರು.

ಉಳಿದಿದ್ದದ್ದು ಒಂದೇ ಕೆಲಸ. ಬ್ಯಾಟರಿಗೂ ಮೋಟಾರಿಗೂ ನಡುವೆ ಕೂರುವ, ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಪೀಡ್ ಕಂಟ್ರೋಲರ್‌ಗೆ, ರಿಮೋಟಿನ ಕಡ್ಡಿ ಎಲ್ಲಿದ್ದರೆ ಪೂರ್ತಿ ವೇಗ, ಎಲ್ಲಿದ್ದರೆ ನಿಲ್ಲಬೇಕು ಎಂದು ಕಲಿಸಬೇಕು. ಪ್ರೊಪೆಲ್ಲರ್ ಬಿಚ್ಚಿಟ್ಟು, ಕಡ್ಡಿಯನ್ನು ತುದಿಗೇರಿಸಿ, ಬ್ಯಾಟರಿ ಸಿಕ್ಕಿಸಬೇಕು. ಮೋಟಾರು ಎರಡು ಸಲ ಬೀಪ್ ಅನ್ನುತ್ತದೆ. ತಕ್ಷಣ ಕಡ್ಡಿ ಇಳಿಸಬೇಕು. ತಡವಾದರೆ ಅದು ಬೇರೆ ಸೆಟ್ಟಿಂಗ್‌ಗೆ ಹೋಗಿ ಕೂಗುತ್ತಲೇ ಇರುತ್ತದೆ.

ಮೇಷ್ಟ್ರು ಬ್ಯಾಟರಿ ಸಿಕ್ಕಿಸಿದರು, ಕಾದರು. ಬೀಪ್ ಇಲ್ಲ. ಕಿತ್ತು ಮತ್ತೆ ಸಿಕ್ಕಿಸಿದರು. ಊಹೂಂ. ಇದು ಅಂಗಡಿಯವನು ಬದಲಾಯಿಸಿ ಕೊಟ್ಟ ಕಂಟ್ರೋಲರ್. ಮೊದಲನೆಯದಕ್ಕೆ ಬಾಯೇ ಇಲ್ಲ ಎಂದು ಅವನ ಮೇಲೆ ಹರಿಹಾಯ್ದು ಬಂದಿದ್ದರು.

"ಇದೂ ಸತ್ತಿದೆ," ಎಂದರು ಗಟ್ಟಿಯಾಗಿ.

ಹೆಂಡತಿ ಬಾಗಿಲಿಗೆ ಬಂದು ನಿಂತರು. "ಆಗ್ಲಿಂದ ಅದನ್ನ ಕೂಗಿಸ್ತಾನೇ ಇದೀರಲ್ಲ, ತಲೆ ಚಿಟ್ಟು ಹಿಡೀತು."

"ಯಾವುದು ಕೂಗ್ತಿದೆ?"

"ಅದೇ, ಆ ಮೋಟಾರು. ಈಗ್ಲೂ ಕೂಗ್ತಿದೆ."

ಮೇಷ್ಟ್ರು ಮೋಟಾರಿನ ಮೇಲೆ ಬೆರಳಿಟ್ಟರು. ಸಣ್ಣಗೆ ಅದುರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಅದುರುತ್ತಿತ್ತು. ಬ್ಯಾಟರಿ ಕಿತ್ತು ಪಕ್ಕಕ್ಕಿಟ್ಟರು. ಅವರಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಯಾವಾಗಿಂದ?"

"ನೀವು ಕೂತಾಗಿಂದ."

"ಅದಲ್ಲ. ನನ್ನ ಕಿವಿ."

ಹೆಂಡತಿ ಒದ್ದೆ ಕೈ ಒರೆಸಿಕೊಂಡು ಎದುರಿನ ಕುರ್ಚಿಯಲ್ಲಿ ಕೂತರು. "ಕರೆಗಂಟೆ ಹೊಡೆದಾಗೆಲ್ಲ ನಾನೇ ಎದ್ದು ಓಡೋಕೆ ಶುರು ಮಾಡಿದ್ನಲ್ಲ, ಆಗಿಂದ. ನೀವು ನಂಗೆ ಹರಟೆ ಹೊಡೆಯೋ ಚಪಲ ಅಂದ್ಕೊಂಡ್ರಿ."

"ಹೇಳಬಾರದಿತ್ತಾ?"

"ಕಿವಿ ಮೇಷ್ಟ್ರಿಗೆ ಯಾವ ಬಾಯಲ್ಲಿ ಹೇಳ್ಲಿ?"

ಮೇಷ್ಟ್ರು ಕಡ್ಡಿಯನ್ನು ಮತ್ತೆ ತುದಿಗೇರಿಸಿದರು. "ಎರಡು ಸಲ ಕೂಗಿದ ತಕ್ಷಣ ನನ್ನ ಕೈ ತಟ್ಟು," ಎಂದು ಬ್ಯಾಟರಿ ಸಿಕ್ಕಿಸಿದರು.

ಹೆಂಡತಿ ತಟ್ಟಿದರು, ಮೇಷ್ಟ್ರು ಇಳಿಸಿದರು. "ಈಗ ಒಂದ್ಸಲ ಉದ್ದಕ್ಕೆ ಕೂಗ್ತು," ಎಂದರು ಹೆಂಡತಿ. ಕಂಟ್ರೋಲರ್ ಪಾಠ ಕಲಿತಿತ್ತು. ಕಡ್ಡಿಯನ್ನು ಮೆಲ್ಲಗೆ ಏರಿಸಿದಂತೆ ಮೋಟಾರು ತಿರುಗಿತು.

ಮೇಷ್ಟ್ರ ಕಿವಿಗೆ ಅದರ ಸದ್ದು ನುಣ್ಣಗಿತ್ತು, ಒಂದು ಕುಂದೂ ಇರಲಿಲ್ಲ. ಆದರೂ ಕೇಳಿದರು. "ಹೇಗಿದೆ?"

"ಗುಂಯ್ ಅನ್ನೋದರ ಜೊತೆ ಒಂದು ಸಣ್ಣ ಕೀರಲು ಇದೆ. ಏರಿಸಿದಾಗ ಜಾಸ್ತಿ."

ಹಾಗಾದರೆ ಬೇರಿಂಗ್ ಕೆಟ್ಟಿದೆ. ಮೇಷ್ಟ್ರು ವಾದಿಸಲಿಲ್ಲ. ಬ್ಯಾಟರಿ ಕಿತ್ತು, ಸ್ಕ್ರೂಡ್ರೈವರ್ ಎತ್ತಿಕೊಂಡು, ತಮಗೆ ಕೇಳಿಸದ ಆ ಸದ್ದನ್ನು ನಂಬಿ ಮೋಟಾರು ಬಿಚ್ಚಲು ಕೂತರು.