ಆಟಕ್ಕೆ ಬೆನ್ನು

ಡೆಲ್ಮೀರಾ ಅಪ್ಪನ ಬೂಟುಗಳಿಗೆ ಪಾಲಿಶ್ ಹಚ್ಚಿ ಬಟ್ಟೆಯಿಂದ ತಿಕ್ಕುತ್ತಿದ್ದಳು. ಪಕ್ಕದ ಶವಪೆಟ್ಟಿಗೆಯಲ್ಲಿ ಅಪ್ಪ ಎವಾರಿಸ್ಟೊ ಬರಿಗಾಲಲ್ಲಿ ಮಲಗಿದ್ದ.

ಮಡಿಸಿದ ತಿಳಿನೀಲಿ ಬಾವುಟ ಹಿಡಿದು ಬೀದಿಯ ಫುಟ್ಬಾಲ್ ಕ್ಲಬ್ಬಿನ ಅಧ್ಯಕ್ಷ ಒಲಿಂಟೊ ಒಳಗೆ ಬಂದ.

"ಮೈದಾನಕ್ಕೊಂದು ಸುತ್ತು ಹಾಕಿಸಿ ಆಮೇಲೆ ಸ್ಮಶಾನಕ್ಕೆ ಹೋಗೋಣಮ್ಮ. ಮೂವತ್ತನೇ ಇಸವಿ ಫೈನಲ್ ಕಣ್ಣಾರೆ ಕಂಡವರು ನಮ್ಮ ಬೀದೀಲಿ ಇನ್ನೆಷ್ಟು ಜನ ಉಳಿದಿದ್ದಾರೆ?"

"ಬೇಡ."

"ಮೊಟ್ಟಮೊದಲ ವಿಶ್ವಕಪ್ಪು ಕಣಮ್ಮ! ಅರ್ಜೆಂಟೀನಾದವರಿಗೆ ನಾಲ್ಕು ಗೋಲು..."

"ಆ ನಾಲ್ಕು ಗೋಲು ಬೀಳೋ ಹೊತ್ತಿಗೆ ನಮ್ಮಮ್ಮ ನನ್ನ ಹೆತ್ತು ಸತ್ತಳು. ಅಪ್ಪ ಅಲ್ಲಿ ಆಟ ನೋಡ್ತಾ ನಿಂತಿದ್ದ. ಅದರ ಹೆಸರಲ್ಲಿ ಮೆರವಣಿಗೆ ಮಾಡೋಕೆ ನಾನು ಬಿಡಲ್ಲ."

ಒಲಿಂಟೊ ಬಾವುಟವನ್ನು ಎದೆಗೊತ್ತಿಕೊಂಡು ನಿಂತ. ಮೂಲೆಯ ಕುರ್ಚಿಯಲ್ಲಿ ಮುದುಕ ಸೊಯಿಲೊ ಕೆಮ್ಮಿದ. ಅಪ್ಪನ ಜೊತೆ ಮೂವತ್ತು ವರ್ಷ ಟ್ರಾಮ್ ಓಡಿಸಿದವನು.

"ಗೋಲು ಹೆಂಗೆ ಬಿತ್ತು ಅಂತ ನಿಮ್ಮಪ್ಪ ಒಂದು ಸಲನಾದ್ರೂ ಹೇಳಿದ್ದಾನಾ ಮಗಳೇ?"

"ಇಲ್ಲ. ಹೇಳಿದ್ದೆಲ್ಲ ಜನರ ವಿಷಯ. ಯಾರ ಟೋಪಿ, ಯಾರ ಮೀಸೆ..."

"ಆಟ ನೋಡಿದವನು ಹಂಗೆ ಹೇಳ್ತಾನಾ? ಯಾರಿಗೂ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ."

*

ಆ ಫೈನಲ್ ದಿನ, ಜುಲೈ ತಿಂಗಳ ಚಳಿಗಾಲದಲ್ಲಿ, ಎವಾರಿಸ್ಟೊ ಕೋಟಿಲ್ಲದೆ ಮೈದಾನಕ್ಕೆ ಓಡಿ ಬಂದಿದ್ದ. ಡಾಕ್ಟರನ್ನು ಕರೆತಾ ಎಂದು ಸೂಲಗಿತ್ತಿ ಅಟ್ಟಿದ್ದಳು. ಡಾಕ್ಟರು ಇಡೀ ಮೊಂಟೆವಿಡಿಯೊ ನಗರದಂತೆ ಆಟಕ್ಕೆ ಹೋಗಿದ್ದರು. ಹೆಂಡತಿಗೆ ನೋವು ಶುರುವಾಯಿತೆಂದು ಎವಾರಿಸ್ಟೊ ಹೋಗದೆ ಬಿಟ್ಟ ಆಟದ ಟಿಕೆಟ್ ಇನ್ನೂ ಅವನ ಜೇಬಿನಲ್ಲಿತ್ತು. ಅದನ್ನು ತೋರಿಸಿ ಒಳನುಗ್ಗಿದ. ಮೈದಾನಕ್ಕೆ ಬೆನ್ನು ಹಾಕಿ, ಮೆಟ್ಟಿಲು ಮೆಟ್ಟಿಲಾಗಿ ಮುಖಗಳನ್ನು ಹುಡುಕಿದ. ಡಾಕ್ಟರ ಹೆಸರು ಹಿಡಿದು ಕೂಗಿದ. ಆಗಲೇ ನಮ್ಮವರ ಮೂರನೇ ಗೋಲು ಬಿತ್ತು. ಎರಡು ಮಾರು ದೂರದಲ್ಲಿದ್ದ ಸೊಯಿಲೊಗೆ ಅವನ ತೆರೆದ ಬಾಯಿ ಕಂಡಿತು, ಜನರ ಕೂಗಿನಲ್ಲಿ ದನಿ ಕೇಳಲಿಲ್ಲ.

*

"ಅಪ್ಪ ನನಗೆ ಯಾಕೆ ಹೇಳಲಿಲ್ಲ?"

"'ಹುಡುಕಿದೆ, ಸಿಗಲಿಲ್ಲ ಅಂದ್ರೆ ಮಗಳು ಕ್ಷಮಿಸಿಬಿಡ್ತಾಳೆ. ಅದು ನನಗೆ ಬೇಡ' ಅಂದ."

ಡೆಲ್ಮೀರಾ ಅಪ್ಪನಿಗೆ ಬೂಟು ತೊಡಿಸಿದಳು. ಒಂದು ಕಾಲಿನ ಲೇಸನ್ನು ಬಿಚ್ಚಿ ಎರಡನೇ ಸಲ ಕಟ್ಟಿದಳು.

"ಸುತ್ತು ಬೇಡ. ಕ್ಲಬ್ಬಿನ ಮುಂದೆ ಹಾದು ಹೋಗೋಣ," ಎಂದಳು.

ಕ್ಲಬ್ಬಿನ ಬಾಗಿಲಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಪೆಟ್ಟಿಗೆ ಕಂಡದ್ದೇ ತಡ, ಯಾರೋ ಚಪ್ಪಾಳೆ ತಟ್ಟಿದರು. ಮತ್ತೊಬ್ಬರು, ಮತ್ತೊಬ್ಬರು. ಗೆದ್ದು ಬಂದ ಆಟಗಾರನಿಗೆ ಕೂಗುವ ಹಾಗೆ ಕೂಗು ಎದ್ದು ಗೋಡೆಗಳಿಗೆ ಬಡಿಯಿತು. ಡೆಲ್ಮೀರಾ ಪೆಟ್ಟಿಗೆಗೆ ಬೆನ್ನು ಮಾಡಿ ಜನರತ್ತ ತಿರುಗಿದಳು. ಅಪ್ಪನ ಹಾಗೇ ಒಂದೊಂದೇ ಮುಖ ನೋಡಿದಳು.

"ಸ್ವಲ್ಪ ಸುಮ್ಮನಿರಿ," ಎಂದಳು. "ದಯವಿಟ್ಟು, ಸ್ವಲ್ಪ ಸುಮ್ಮನಿರಿ."