ಬೀದಿಗೆ ಬಂದ ಕುರ್ಚಿ

ನಮ್ಮೂರಲ್ಲಿ ಕಾರ್ಖಾನೆ ಕಂಪನಿಯದು, ಮನೆಗಳು ಕಂಪನಿಯವು, ಆಸ್ಪತ್ರೆಯೂ ಕಂಪನಿಯದೇ. ಆಚೆಗಿನ ಪೇಟೆಗೆ ಅರ್ಧ ದಿನದ ದಾರಿ. ಊರಿಗೆ ಒಂದೇ ದಿನಸಿ ಅಂಗಡಿ, ಒಂದೇ ಕ್ಷೌರದಂಗಡಿ ಸಾಕೆಂದು ತೀರ್ಮಾನಿಸಿದ್ದೂ ಕಂಪನಿಯವರೇ. ಆ ಕ್ಷೌರದಂಗಡಿ ನನ್ನದು. ಅಂದರೆ ಗೋಡೆ, ಸೂರು ಅವರದು. ಕುರ್ಚಿ, ಕನ್ನಡಿ, ಕತ್ತರಿ ನನ್ನವು. ಅಪ್ಪ ಸತ್ತ ಮೇಲೆ ನಾನು ಕತ್ತರಿ ಹಿಡಿದಾಗ, ಹೆಂಗಸು ಗಂಡಸರ ಗಡ್ಡ ಬೋಳಿಸುವುದೇ ಎಂದು ಮೂಗು ಮುರಿದವರೆಲ್ಲ ಈಗ ತೆಪ್ಪಗೆ ಬಂದು ಕತ್ತು ಬಗ್ಗಿಸುತ್ತಾರೆ.

ಆವತ್ತು ದೊಡ್ಡಪ್ಪ ಬಂದ. ಅವನ ಬಲಗೈ ಬೆರಳುಗಳನ್ನು ಕಾರ್ಖಾನೆಯ ಯಂತ್ರ ನುಂಗಿತ್ತು; ಪರಿಹಾರ ಕೇಳಿದ್ದಕ್ಕೆ ಕಂಪನಿ ಕೆಲಸದಿಂದಲೇ ತೆಗೆದಿತ್ತು. ಅವನು ಕೋರ್ಟಿಗೆ ಹೋದ. ಅಷ್ಟಕ್ಕೇ, ಊರಲ್ಲಿ ಯಾರೂ ಅವನಿಗೆ ಏನೂ ಮಾರಬಾರದು, ಏನೂ ಮಾಡಿಕೊಡಬಾರದು ಎಂದು ಮ್ಯಾನೇಜರ್ ಹುಕುಂ ಹೊರಡಿಸಿದ್ದರು.

"ನಾಳೆ ಜಡ್ಜ್ ಮುಂದೆ ನಿಲ್ಬೇಕು ಕಣಮ್ಮ. ಈ ಅವತಾರದಲ್ಲಿ ಹೋದ್ರೆ ಕುಡುಕ ಅಂದ್ಕೋತಾರೆ. ನಿನ್ ದೊಡ್ಡಮ್ಮ ಗಡ್ಡ ತೆಗೀತೀನಿ ಅಂತ ಏನ್ಮಾಡಿದಾಳೆ ನೋಡು."

ಕೆನ್ನೆಯ ಮೇಲೆ ಕೊಯ್ದುಹೋದ ಎರಡು ಕಡೆ ಕಾಗದದ ಚೂರು ಅಂಟಿಸಿಕೊಂಡಿದ್ದ. ನಗು ಬಂತು. ಹಿಂದೆಯೇ ಸಿಟ್ಟೂ ಬಂತು.

ಅವನನ್ನು ಕೂರಿಸಿ ನೊರೆ ಹಚ್ಚುವಷ್ಟರಲ್ಲಿ ಕಾರ್ಖಾನೆ ಗೇಟಿನ ಕಾವಲುಗಾರ ಓಡಿ ಬಂದ. "ಅಕ್ಕಾ, ಇವರಿಗೆ ಮಾಡಿದ್ರೆ ಅಂಗಡಿ ಖಾಲಿ ಮಾಡ್ಬೇಕಂತೆ. ಸಾಹೇಬ್ರು ಹೇಳಿ ಕಳ್ಸಿದಾರೆ."

"ಬೇಡಮ್ಮ, ನನ್ನಿಂದ ನಿನ್ನ ಅನ್ನಕ್ಕೆ ಕಲ್ಲು ಬೀಳೋದು ಬೇಡ," ಎಂದು ದೊಡ್ಡಪ್ಪ ಏಳಲು ಹೋದ.

ಹೆದರಿಕೆ ಆಗಲಿಲ್ಲವೆಂದರೆ ಸುಳ್ಳು. ಆ ಅಂಗಡಿ ಬಿಟ್ಟರೆ ನನಗೆ ಬೇರೆ ಗತಿಯಿರಲಿಲ್ಲ. ಆದರೆ ಹಾಳು ಸಿಟ್ಟು, ಮಾತು ಕೇಳಬೇಕಲ್ಲ! ಬೀಗದ ಕೈಯನ್ನು ಕಾವಲುಗಾರನ ಕೈಗೆ ತುರುಕಿದೆ.

"ಗೋಡೆ ನಿಮ್ಮ ಸಾಹೇಬ್ರದ್ದು, ತಬ್ಕೊಂಡು ಮಲಗ್ಲಿ. ಕುರ್ಚಿ ನಂದು. ಗರ ಬಡಿದೋನ ಥರ ನಿಂತಿದೀಯಲ್ಲ, ಒಂದು ಕಡೆ ಹಿಡಿ!"

ಪಾಪ, ಹಿಡಿದ.

ಗೇಟಿನ ಮುಂದಿನ ಹೆದ್ದಾರಿ ಮಾತ್ರ ಸರ್ಕಾರದ್ದು. ಅದರ ಅಂಚಿನ ಮರದಡಿ ಕುರ್ಚಿ ಹಾಕಿ, ಕೊಂಬೆಗೆ ಕನ್ನಡಿ ನೇತುಹಾಕಿದೆ. ಪಾಳಿ ಮುಗಿಸಿ ಹೊರಬಂದ ಕಾರ್ಮಿಕರು ಬಾಯಿ ಬಿಟ್ಟುಕೊಂಡು ನಿಂತರು. ದೊಡ್ಡಪ್ಪನ ಗಡ್ಡ ತೆಗೆದೆ, ಮೀಸೆ ತಿದ್ದಿದೆ, ತಲೆ ಬಾಚಿದೆ. ಅವನು ಕನ್ನಡಿ ನೋಡಿಕೊಂಡು ಅತ್ತುಬಿಟ್ಟ.

"ಮುಂದೆ ಯಾರು?" ಎಂದೆ. ಒಬ್ಬನೂ ಮಿಸುಕಲಿಲ್ಲ. "ಏನ್ರೋ, ನಾಳೆ ನಿಮ್ಮ ಬೆರಳು ಹೋದ್ರೆ ನಿಮಗೆ ಯಾರ್ರೋ ಮಾಡ್ತಾರೆ?"

ಬಾಯ್ಲರ್ ಮೇಸ್ತ್ರಿ ಟೋಪಿ ತೆಗೆದು ಬಂದು ಕೂತರು. ಅವರ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಅಂಗಡಿಗೆ ಬೀಗ ಬಿತ್ತು, ಮರದಡಿ ಸಾಲು ಬೆಳೆಯಿತು.

ದೊಡ್ಡಪ್ಪನ ಕೇಸು ಮುಂದಕ್ಕೆ ಹೋಯಿತು, ಗಡ್ಡವೂ ಮತ್ತೆ ಬೆಳೆಯಿತು. ಅವನು ಪುನಃ ಬಂದು ಕೂತಿದ್ದ ದಿನ ಮ್ಯಾನೇಜರ್ ಕಾರು ಮರದ ಹತ್ತಿರ ನಿಂತಿತು. ಕಂಪನಿಯ ಧಣಿಗಳು ಆವತ್ತೇ ಬರುವವರಿದ್ದರು. ಮ್ಯಾನೇಜರ್ ತಲೆ ನೋಡಿದರೆ ಕಾಡು.

"ಬೀಗದ ಕೈ ತಗೋಮ್ಮ. ಅಂಗಡಿ ನೀನೇ ಇಟ್ಕೋ. ಆದ್ರೆ ಈ ಮನುಷ್ಯನಿಗೆ ಮಾತ್ರ ಮಾಡ್ಬೇಡ. ಬೇಗ ಒಳಗೆ ಬಾ, ನಂಗೆ ಹೊತ್ತಾಗುತ್ತೆ."

"ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ ಸಾಹೇಬ್ರೇ. ಕ್ಷೌರ ಬೇಕಂದ್ರೆ ಸಾಲಲ್ಲಿ ನಿಲ್ಲಿ. ಮೊದಲು ದೊಡ್ಡಪ್ಪ."

ಮ್ಯಾನೇಜರ್ ಸಾಲಿನ ಉದ್ದ ನೋಡಿದರು, ಗಡಿಯಾರ ನೋಡಿದರು, ಕೊನೆಗೆ ಹೋಗಿ ಎಲ್ಲರ ಹಿಂದೆ ನಿಂತರು. ನಾನು ದೊಡ್ಡಪ್ಪನ ಕೆನ್ನೆಗೆ ನಿಧಾನವಾಗಿ ಇನ್ನೊಂದು ಸಲ ನೊರೆ ಹಚ್ಚಿದೆ.